ಅಗಸ್ಟ್ 15ಕ್ಕೆ ಮೂರು ದಿನ ರಜೆ: ಮೊಣಕಾಲು ನೋವಿರುವ ಅವ್ವನನ್ನು ಕರೆದುಕೊಂಡು ಗುಡ್ಡದ ಊರಿಗೆ ಹೋಗಬೇಕು, ಎಲ್ಲಿಗೆ ಹೋಗೋಣ?

ಉಣಕಲ್ಲಿನವಳು
ಎಲ್ಲರಿಗೂ ನಮಸ್ಕಾರ. ಈ ಸಲ ಅಗಸ್ಟ್ 15 ಶುಕ್ರವಾರ ಬಂದಿದೆ. ಶನಿವಾರ ನಾನೂ ನಮ್ಮ ಮನೆಯವರೂ ರಜೆ ಹಾಕಿದ್ದೇವೆ. ಮೂರು ದಿನ ಸಿಕ್ಕಿದೆ. ಎರಡು ವರ್ಷ ಆಯಿತು, ಮದುವೆ-ಮುಂಜಿ ಬಿಟ್ಟರೆ ಹುಬ್ಬಳ್ಳಿಯಿಂದ ಹೊರಗೆ ಕಾಲಿಟ್ಟಿಲ್ಲ. ಒಂದು ಸಣ್ಣ ಗುಡ್ಡದ ಊರು, ಮಳೆ, ಮಂಜು, ಬಿಸಿ ಊಟ. ಇಷ್ಟಿದ್ದರೆ ಸಾಕು.

ಐದು ಜನ ಇದ್ದೇವೆ. ನಾವಿಬ್ಬರು, 11 ಮತ್ತು 7 ವರ್ಷದ ಮಕ್ಕಳು, ನಮ್ಮ ಅವ್ವ. ಅವ್ವನಿಗೆ 68. ಎರಡೂ ಮೊಣಕಾಲು ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಆದರೆ ಅವಳನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಅಪ್ಪ ಹೋದ ಮೇಲೆ ಅವಳು ಕಂಡಿದ್ದು ಮನೆ ಮತ್ತು ಉಣಕಲ್ ಕೆರೆ ದಂಡೆ ಎರಡೇ.

ಮನೆಯವರು ಮಹಾಬಳೇಶ್ವರ ಅಂತಿದ್ದಾರೆ. ಮಕ್ಕಳು ಊಟಿ ಅಂತಿದ್ದಾರೆ. ಸ್ವಂತ ಕಾರಿದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ರಾಣೇಬೆನ್ನೂರು ರೈಡರ್
ಊಟಿ ಬಿಟ್ಟುಬಿಡಿ ಅಕ್ಕಾ. ಇಲ್ಲಿಂದ ಹೋಗಲು ಒಂದು ದಿನ, ಬರಲು ಒಂದು ದಿನ. ಉಳಿಯುವುದು ಶನಿವಾರ ಒಂದೇ. ಜೊತೆಗೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಹೊರಗಿನ ಗಾಡಿಗೆ ಇ-ಪಾಸ್ ಮಾಡಿದ್ದಾರೆ. ಚಿಕ್ಕಮಗಳೂರು ನೋಡಿ.

ನವನಗರದ ಅಮ್ಮ
ಚಿಕ್ಕಮಗಳೂರಿಗೆ ಆ ಮೂರು ದಿನ ಬೆಂಗಳೂರೇ ಎದ್ದು ಬಂದಿರುತ್ತದೆ. ವಯಸ್ಸಾದವರನ್ನು ಕಾರಿನಲ್ಲಿ ಕೂರಿಸಿಕೊಂಡು ಗುಡ್ಡದ ದಾರಿಯಲ್ಲಿ ಮೂರು ತಾಸು ನಿಂತರೆ ಅವರ ಗತಿ ಏನು? ಬೇಡ ತಂಗಿ.

ಗೋಕುಲ ರೋಡ್ ಗಾಡಿ
ಅಕ್ಕಾರೆ, ನಾನು 19 ವರ್ಷದಿಂದ ಬಾಡಿಗೆ ಗಾಡಿ ಓಡಿಸುತ್ತಿದ್ದೇನೆ. ನನ್ನ ಮಾತು ಕೇಳುವುದಾದರೆ ಮಹಾರಾಷ್ಟ್ರದ ಅಂಬೋಲಿಗೆ ಹೋಗಿ.

ಮಹಾಬಳೇಶ್ವರ ಒಳ್ಳೆಯ ಊರೇ. ಆದರೆ ಅಗಸ್ಟಿನಲ್ಲಿ ಅಲ್ಲಿ ಪಾಯಿಂಟುಗಳ ಮುಂದೆ ನಿಂತರೆ ಬಿಳಿ ಮಂಜು ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಆ ಮಂಜಿಗೋಸ್ಕರ ಸಾತಾರಾ ದಾಟಿ ಹೋಗಬೇಕೇ? ಅದೇ ಮಂಜು, ಅದೇ ಮಳೆ ಅಂಬೋಲಿಯಲ್ಲಿದೆ. ಹುಬ್ಬಳ್ಳಿಯಿಂದ ಬೆಳಗಾವಿ ಸುಮಾರು 100 ಕಿ.ಮೀ., ಅಲ್ಲಿಂದ ಅಂಬೋಲಿ 70ರ ಒಳಗೆ. ಬೆಳಿಗ್ಗೆ ನಾಷ್ಟಾ ಮಾಡಿ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೀರಿ. ಕಿತ್ತೂರಿನಲ್ಲಿ ಒಂದು ಚಹಾ. ಬೆಳಗಾವಿ ಊರೊಳಗೆ ಹೋಗಿ ಹಿಂಡಲಗಾ ದಾರಿ ಹಿಡಿದರೆ ಶಿನೋಳಿ, ಪಾಟ್ನೆ ಫಾಟಾ. ಆಮೇಲೆ ನೇರ. ವೆಂಗುರ್ಲಾ ರಸ್ತೆ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಸಾವಂತವಾಡಿ ತಾಲೂಕಿನ ಸಣ್ಣ ಊರು ಅದು. ಎತ್ತರ 700 ಮೀಟರಿನ ಆಸುಪಾಸು, ಅಷ್ಟೇ. ಊಟಿಯ ಚಳಿ ಇಲ್ಲ, ಮಕ್ಕಳಿಗೆ ಕಿವಿ ಕಟ್ಟುವುದಿಲ್ಲ. ನಿಮ್ಮ ಅವ್ವನಂಥವರಿಗೆ ಕಾರಿನಲ್ಲೇ ಕೂತು ನೋಡುವಷ್ಟು ಜಾಗ ಇದೆ.

ಟಿಳಕವಾಡಿಯಿಂದ
ನಾನು ಬೆಳಗಾವಿಯವನು. ಗಾಡಿ ಅಣ್ಣ ಹೇಳಿದ್ದರಲ್ಲಿ ಊರಿನ ಬಗ್ಗೆ ಎಲ್ಲವೂ ನಿಜ. ಆದರೆ ಅಗಸ್ಟ್ 15ರ ಮೂರು ದಿನ? ನಾನಂತೂ ಬೇಡ ಅಂತೀನಿ.

ಎರಡು ವರ್ಷದ ಹಿಂದೆ ಜುಲೈ ತಿಂಗಳ ಭಾನುವಾರ ಹೋಗಿದ್ದೆವು. ದೊಡ್ಡ ಜಲಪಾತ ಇರುವುದು ಘಾಟಿನ ರಸ್ತೆ ಪಕ್ಕದಲ್ಲೇ. ಅದೇ ಅದರ ಚೆಂದ, ಅದೇ ತೊಂದರೆ. ಸಾವಂತವಾಡಿಗೆ ಇಳಿಯುವ ಮುಖ್ಯ ರಸ್ತೆಯಲ್ಲಿ ಎರಡೂ ಕಡೆ ಗಾಡಿ ನಿಲ್ಲಿಸಿ ಎಲ್ಲರೂ ನೀರಿಗೆ ಇಳಿದಿದ್ದರು. ಎರಡು ತಾಸು ನಾವು ಒಂದೇ ತಿರುವಿನಲ್ಲಿ ನಿಂತೆವು. ಹಿಂದೆ ಒಂದು ಆಂಬುಲೆನ್ಸ್ ಕೂಗುತ್ತಿತ್ತು, ಅದಕ್ಕೂ ದಾರಿ ಇಲ್ಲ. ಕೊನೆಗೆ ಇಳಿದು ನೀರಿನ ಹತ್ತಿರ ಹೋದರೆ ಕುಡಿದ ಹುಡುಗರ ಗುಂಪು, ಸ್ಪೀಕರ್, ಕಿರುಚಾಟ. ನನ್ನ ಮಗಳ ಅಂಗಾಲಿಗೆ ಒಡೆದ ಬಾಟಲಿ ಚುಚ್ಚಿತು. ಸಾವಂತವಾಡಿಗೆ ಇಳಿದು ಮೂರು ಹೊಲಿಗೆ ಹಾಕಿಸಿದೆವು. ಅವಳಿಗೆ ಆಗ ಒಂಬತ್ತು ವರ್ಷ. ಇವತ್ತಿಗೂ ಹರಿಯುವ ನೀರಿನಲ್ಲಿ ಚಪ್ಪಲಿ ಬಿಡುವುದಿಲ್ಲ.

ಊರು ಕೆಟ್ಟದ್ದಲ್ಲ. ಊರಿಗೆ ಆ ಮೂರು ದಿನ ನಾವು ಮಾಡುವುದು ಕೆಟ್ಟದ್ದು.

ರಾಣೇಬೆನ್ನೂರು ರೈಡರ್
ಜನ ಇದ್ದರೇ ಅಲ್ವಾ ಮಜಾ? ಖಾಲಿ ಜಲಪಾತ ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು. ಎಲ್ಲ ಹುಡುಗರೂ ಕುಡಿದು ಬರುವುದಿಲ್ಲ ಸರ್. ನಾವು ಎಂಟು ಜನ ಬೈಕಿನಲ್ಲಿ ಹೋಗಿದ್ದೆವು, ಯಾರೂ ಒಂದು ಹನಿ ಮುಟ್ಟಿಲ್ಲ.

ನವನಗರದ ಅಮ್ಮ
ತಮ್ಮಾ, ನೀವು ಒಳ್ಳೆಯವರೇ ಇರಬಹುದು. ಆದರೆ ಅಂಥ ಗುಂಪಿನ ನಡುವೆ ಒದ್ದೆ ಸೀರೆಯಲ್ಲಿ ನಿಂತ ಹೆಣ್ಣುಮಕ್ಕಳಿಗೆ ಹೇಗಿರುತ್ತದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಬಟ್ಟೆ ಬದಲಿಸಲು ಸರಿಯಾದ ಜಾಗ ಇಲ್ಲ. ಮೂತ್ರಕ್ಕೆ ಹೋಗಬೇಕೆಂದರೆ ಹೋಟೆಲಿನವರ ಕೈಕಾಲು ಹಿಡಿಯಬೇಕು. ಗಂಡಸರು ಮಜಾ ಅಂತ ಹೇಳುವ ಜಾಗದಲ್ಲಿ ನಾವು ಬೆಳಗಿನಿಂದ ನೀರು ಕುಡಿಯದೆ ಇರುತ್ತೇವೆ. ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರಾಣೇಬೆನ್ನೂರು ರೈಡರ್
ಇದು ನಿಜಕ್ಕೂ ನನ್ನ ತಲೆಗೆ ಹೊಳೆದಿರಲಿಲ್ಲ ಅಮ್ಮಾ. ಒಪ್ಪಿದೆ.

ಬೆಟಗೇರಿ ಹುಡುಗ
ಎಲ್ಲರೂ ಮಹಾರಾಷ್ಟ್ರಕ್ಕೆ ಯಾಕೆ ಓಡುತ್ತೀರಿ? ನಮ್ಮ ಗದುಗಿನ ಕಪ್ಪತಗುಡ್ಡ ಇಲ್ಲವೇ? ಹುಬ್ಬಳ್ಳಿಯಿಂದ ಎರಡು-ಎರಡೂವರೆ ತಾಸು. ಅಗಸ್ಟಿನಲ್ಲಿ ಹಸಿರು ಹಾಸಿದ ಹಾಗೆ ಇರುತ್ತದೆ. ಗಾಳಿ ಅಂದರೆ ಗಾಳಿ. ಔಷಧಿ ಗಿಡಗಳ ಗುಡ್ಡ ಅದು.

ಮುಂಡರಗಿ ರಸ್ತೆ
ಹುಡುಗನ ಅಭಿಮಾನ ನನಗೂ ಇದೆ. ಆದರೆ ಕಪ್ಪತಗುಡ್ಡವನ್ನು ರಿಸಾರ್ಟ್ ಊರಿನ ಸಾಲಿಗೆ ಸೇರಿಸಬೇಡಿ. 2019ರಲ್ಲಿ ಅದು ವನ್ಯಜೀವಿಧಾಮ ಆಗಿದೆ. ಗಣಿಯವರ ಕೈಗೆ ಹೋಗದ ಹಾಗೆ ಉಳಿಸಲು ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಹಳ್ಳಿ ಹಳ್ಳಿಯ ಜನ ಬೀದಿಗೆ ಇಳಿದರು. ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಗುಡ್ಡಕ್ಕೆ ರಜೆ ಬಂತೆಂದು ನೂರು ಕಾರು ನುಗ್ಗಿದರೆ ಏನು ಬಂತು? ಒಂದು ದಿನ ಹೋಗಿ, ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹೋಗಿ, ನೋಡಿ ಬನ್ನಿ. ಮೂರು ದಿನ ಉಳಿಯಲು ಅಲ್ಲ.

ಬೆಟಗೇರಿ ಹುಡುಗ
ನಾನೂ ಉಳಿಯಿರಿ ಅಂತ ಹೇಳಿಲ್ಲ ಅಣ್ಣಾ. ನಮ್ಮ ಕಡೆಯದೂ ನೋಡಿ ಅಂದೆ ಅಷ್ಟೇ. ಅಂಬೋಲಿಯಲ್ಲಿ ಇರುವುದೂ ಮಳೆಯೇ ತಾನೇ, ಇಲ್ಲೂ ಮಳೆ ಬರುತ್ತದೆ.

ಸಪ್ತಾಪುರದ ಮೇಷ್ಟ್ರು
ಬೆಟಗೇರಿಯ ಹುಡುಗನಿಗೆ ಒಂದು ಮಾತು, ಪಾಠ ಅಂದುಕೊಳ್ಳಬೇಡಪ್ಪ. ಗದುಗಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿ.ಮೀ. ಅಂಬೋಲಿಯಲ್ಲಿ 7000ಕ್ಕಿಂತ ಜಾಸ್ತಿ. ಹತ್ತು ಪಟ್ಟು ದಾಟಿತು. ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಅದೂ ಒಂದು. ಅರಬ್ಬಿ ಸಮುದ್ರದ ಹಸಿ ಗಾಳಿ ಕೊಂಕಣ ದಾಟಿ ಬಂದು ಸಹ್ಯಾದ್ರಿಯ ಗೋಡೆಗೆ ಬಡಿಯುತ್ತದೆ, ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಗೋಡೆ ದಾಟಿ ನಮ್ಮ ಕಡೆ ಬರುವ ಹೊತ್ತಿಗೆ ಮೋಡ ಅರ್ಧ ಖಾಲಿ. ಒಂದೇ ಮೋಡ, ಅಲ್ಲಿ ಜಲಪಾತ, ಇಲ್ಲಿ ಜೋಳದ ಹೊಲ. ಮಕ್ಕಳಿಗೆ ಭೂಗೋಳ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಧಾರವಾಡ ಬಿಟ್ಟಾಗ ಸೋನೆ ಮಳೆ, ಬೆಳಗಾವಿಯಲ್ಲಿ ಕೊಡೆ ಬೇಕು, ಚಂದಗಡ ತಾಲೂಕು ಬಂದಾಗ ವೈಪರ್ ನಿಲ್ಲಿಸಲು ಆಗುವುದಿಲ್ಲ.

ಇನ್ನೊಂದು. ಜಲಪಾತದ ಗದ್ದಲ ಬೇಡವಾದರೆ ಹಿರಣ್ಯಕೇಶಿಗೆ ಹೋಗಿ. ಊರಿನಿಂದ ಹತ್ತಿರವೇ. ಗುಡ್ಡದ ಗುಹೆಯೊಳಗಿಂದ ನೀರು ಬರುತ್ತದೆ, ಅಲ್ಲೇ ಗುಡಿ, ಎದುರಿಗೆ ಕುಂಡ. ಅದು ನದಿ ಹುಟ್ಟುವ ಜಾಗ. ಆ ನದಿ ಆಜರಾ, ಗಡಹಿಂಗ್ಲಜ ದಾಟಿ ನಮ್ಮ ಸಂಕೇಶ್ವರಕ್ಕೆ ಬಂದು ಮುಂದೆ ಘಟಪ್ರಭೆಯನ್ನು ಸೇರುತ್ತದೆ. ಆ ಕುಂಡದ ನೀರಿನಲ್ಲೇ 2020ರಲ್ಲಿ ಒಂದು ಹೊಸ ಮೀನು ಸಿಕ್ಕಿತು. ಬಂಗಾರದ ಬಣ್ಣದ ಸಣ್ಣ ಮೀನು, ಅದಕ್ಕೆ ಷಿಸ್ಟುರಾ ಹಿರಣ್ಯಕೇಶಿ ಅಂತ ಹೆಸರಿಟ್ಟರು. ಮರುವರ್ಷ ಮಹಾರಾಷ್ಟ್ರ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಮಾಡಿತು. ಅಲ್ಲಿ ಸೋಪು, ಶಾಂಪೂ ಹಚ್ಚಿ ಮೀಯಬೇಡಿ. ಎಷ್ಟೋ ಜನ ಮೀಯುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಉಣಕಲ್ಲಿನವಳು
ಸರ್, ನಿಮ್ಮ ಮಾತು ಓದಿ ನಾನು ಅಡುಗೆಮನೆಗೆ ಓಡಿದೆ. ನಮ್ಮ ಅವ್ವನ ತವರು ಸಂಕೇಶ್ವರದ ಹತ್ತಿರದ ಹಳ್ಳಿ. ಅವಳು ಬಟ್ಟೆ ಒಗೆದಿದ್ದು, ಈಜು ಕಲಿತಿದ್ದು, ಮದುವೆಗೆ ಮೊದಲು ಗಂಗೆ ಪೂಜೆ ಮಾಡಿದ್ದು ಎಲ್ಲ ಹಿರಣ್ಯಕೇಶಿ ಹೊಳೆಯಲ್ಲಿ. "ನಿನ್ನ ಹೊಳೆ ಅಂಬೋಲಿಯಲ್ಲಿ ಹುಟ್ಟುತ್ತದಂತೆ, ಗೊತ್ತಾ?" ಅಂತ ಕೇಳಿದೆ. ಒಗ್ಗರಣೆ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. "ಮ್ಯಾಲಿಂದ ಬರತೈತಿ ಅಂತಿದ್ದರು, ಮ್ಯಾಲೆ ಎಲ್ಲಿ ಅಂತ ಯಾರೂ ಹೇಳಲಿಲ್ಲ" ಅಂದಳು.

ಮಹಾಬಳೇಶ್ವರ ಮುಗಿಯಿತು. ಅಂಬೋಲಿ ಗಟ್ಟಿ. ಗದ್ದಲ ತಪ್ಪಿಸುವುದು ಹೇಗೆ, ಅದನ್ನು ಹೇಳಿ.

ಟಿಳಕವಾಡಿಯಿಂದ
ಹೀಗೆ ಇದ್ದರೆ ನಾನೂ ಬೇಡ ಅನ್ನುವುದಿಲ್ಲ ಅಕ್ಕಾ. ಹೋಗಲೇಬೇಕು.

ಹಾಗಾದರೆ ಕೇಳಿ. ಅಂಬೋಲಿ ಪೇಟೆಯಲ್ಲಿ, ಜಲಪಾತದ ಕಡೆ ಕೋಣೆ ಹಿಡಿಯಬೇಡಿ. ಚೌಕುಳ ಅಥವಾ ಗೇಳೆ ಕಡೆ ಹಳ್ಳಿಮನೆಗಳಲ್ಲಿ ಉಳಿಯಲು ಸಿಗುತ್ತದೆ. ಅಲ್ಲಿ ರಾತ್ರಿ ಕಪ್ಪೆ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ದೊಡ್ಡ ಜಲಪಾತ ನೋಡಬೇಕೆಂದರೆ ಶನಿವಾರ ಬೆಳಿಗ್ಗೆ ಆರೂವರೆಗೆ ಹೋಗಿ ಏಳೂವರೆಗೆ ವಾಪಸ್ ಬಂದುಬಿಡಿ. ಜನ ಬರುವುದು ಹತ್ತರ ಮೇಲೆ. ಅವ್ವ ಕಾರಿನಿಂದಲೇ ನೋಡಬಹುದು, ಅಷ್ಟು ಹತ್ತಿರ ಬೀಳುತ್ತದೆ. ಭಾನುವಾರ ಬೆಳಿಗ್ಗೆ ಎಲ್ಲರೂ ಮೇಲೆ ಬರುವ ಹೊತ್ತಿಗೆ ನೀವು ಊರು ಬಿಟ್ಟಿರಬೇಕು.

ಗೋಕುಲ ರೋಡ್ ಗಾಡಿ
ಬರೋಬ್ಬರಿ. ನಾಂಗರತಾಸಕ್ಕೂ ಹೋಗಿ ಅಕ್ಕಾರೆ. ಬೆಳಗಾವಿ ರಸ್ತೆಯಲ್ಲೇ, ಅಂಬೋಲಿಗೆ ಹತ್ತು ಕಿ.ಮೀ. ಮೊದಲು. ಮರಾಠಿಯಲ್ಲಿ ನಾಂಗರ ಅಂದರೆ ನೇಗಿಲು. ನೇಗಿಲು ಹೊಡೆದ ಸಾಲಿನ ಹಾಗೆ ಬಂಡೆ ಸೀಳಿದೆ, ಅದರೊಳಗೆ ನೀರು ಬೀಳುತ್ತದೆ. ಮೇಲೆ ನಿಂತು ನೋಡುವುದು. ಇಳಿಯಲು ಹೋಗಬೇಡಿ.

ಕಾವಳೆಸಾದ ಅಂತ ಅಂಬೋಲಿ ಹತ್ತಿರ ಕಣಿವೆ ನೋಡುವ ಪಾಯಿಂಟ್ ಇದೆ, ಅಲ್ಲಿ ಗಾಳಿ ಜೋರಿದ್ದರೆ ಬಿದ್ದ ನೀರು ತಿರುಗಿ ಮೇಲೆ ಹಾರುತ್ತದೆ, ಮುಖಕ್ಕೆ ಹೊಡೆಯುತ್ತದೆ. ಮಕ್ಕಳಿಗೆ ಬಹಳ ಖುಷಿ. ಆದರೆ ಕಣಿವೆ ಆಳ ಇದೆ. ಅಲ್ಲಿ ಬಿದ್ದು ಸತ್ತವರಿದ್ದಾರೆ. ಕಟಾಂಜನ ಇದ್ದಲ್ಲಿ ಮಾತ್ರ ನಿಲ್ಲಿ. ಮಕ್ಕಳ ಕೈ ನೀವೇ ಹಿಡಿಯಿರಿ, ಮೊಬೈಲ್ ಹಿಡಿದ ಕೈಯಲ್ಲಿ ಮಕ್ಕಳ ಕೈ ಹಿಡಿಯಲು ಬರುವುದಿಲ್ಲ.

ಮಂಜಿನಲ್ಲಿ ಗಾಡಿ ಓಡಿಸುವುದನ್ನು ಮನೆಯವರಿಗೆ ಹೇಳಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಲೋ ಬೀಮ್, ಫಾಗ್ ಲೈಟ್, ನಿಧಾನ. ಓಡುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಳ್ಳಬೇಡಿ, ಎಡಕ್ಕೋ ಬಲಕ್ಕೋ ಅಂತ ಹಿಂದಿನವನಿಗೆ ತಿಳಿಯುವುದಿಲ್ಲ. ಅದು ನಿಂತಾಗ ಮಾತ್ರ. ಘಾಟ್ ಇಳಿಯುವಾಗ ಎರಡನೇ ಗೇರು, ಬ್ರೇಕ್ ತುಳಿದುಕೊಂಡೇ ಇರಬೇಡಿ. ಪೆಟ್ರೋಲ್ ಬೆಳಗಾವಿಯಲ್ಲೇ ತುಂಬಿಸಿ. ಸ್ವಲ್ಪ ನೋಟು ಇಟ್ಟುಕೊಳ್ಳಿ, ನೆಟ್‌ವರ್ಕ್ ಹೋದರೆ ಫೋನಿನಿಂದ ಹಣ ಹೋಗುವುದಿಲ್ಲ.

ಬ್ಯಾಡಗಿ ಖಾರ
ಭಾಷೆ ತೊಂದರೆ ಆಗುತ್ತದೆಯೇ? ಹಾವೇರಿ ಕಡೆಯವರಿಗೆ ಮರಾಠಿ ಒಂದಕ್ಷರ ಬರುವುದಿಲ್ಲ. ನಾವೂ ದಸರಾ ರಜೆಗೆ ಹೋಗಬೇಕು ಅಂದುಕೊಂಡಿದ್ದೇವೆ.

ಟಿಳಕವಾಡಿಯಿಂದ
ಇಲ್ಲ ರೀ. ಗಡಹಿಂಗ್ಲಜ ಸಂತೆಯಲ್ಲಿ ಇವತ್ತಿಗೂ ಕನ್ನಡ ಕೇಳುತ್ತದೆ. ಅಂಬೋಲಿಯಲ್ಲಿ ಮರಾಠಿ, ಮಾಲವಣಿ. ಆದರೆ ಬೆಳಗಾವಿ ಗಿರಾಕಿ ನೋಡಿ ನೋಡಿ ಅಂಗಡಿಯವರಿಗೆ ನಾಲ್ಕು ಮಾತು ಕನ್ನಡ ಬರುತ್ತದೆ. ನಗುತ್ತಾ ಮಾತಾಡಿದರೆ ಎಲ್ಲ ನಡೆಯುತ್ತದೆ. ಗಡಿ ಜಗಳ ಎಲ್ಲ ಟಿವಿಯಲ್ಲಿ ಜಾಸ್ತಿ, ಚಹಾ ಅಂಗಡಿಯಲ್ಲಿ ಕಡಿಮೆ.

ನವನಗರದ ಅಮ್ಮ
ತಂಗಿ, ಮನೆ ಬುಕ್ ಮಾಡುವ ಮೊದಲು ಮೂರು ಕೇಳು. ಕೋಣೆ ನೆಲಮಟ್ಟದಲ್ಲಿದೆಯೇ? ಕೂರುವ ಕಮೋಡ್ ಇದೆಯೇ? ಬಿಸಿನೀರು ಕರೆಂಟಿನದೋ ಕಟ್ಟಿಗೆ ಹಂಡೆಯದೋ? ಮಳೆಯಲ್ಲಿ ಕರೆಂಟ್ ಹೋಗುತ್ತದೆ, ಹಂಡೆ ಇದ್ದರೆ ಚಿಂತೆ ಇಲ್ಲ. ಫೋಟೋ ನಂಬಬೇಡ. ನಮಗೆ ಒಂದು ಕಡೆ ತೋರಿಸಿದ್ದು ಒಂದು ಕೋಣೆ, ಕೊಟ್ಟಿದ್ದು ಇನ್ನೊಂದು. ಗೋಡೆಯಿಂದ ನೀರು ಇಳಿಯುತ್ತಿತ್ತು, ಹಾಸಿಗೆ ಹಿಂಡುವಷ್ಟು ಹಸಿ. ವಿಡಿಯೋ ಕಾಲ್ ಮಾಡಿ ತೋರಿಸಿ ಅನ್ನು. ಮನಸ್ಸಿದ್ದವರು ತೋರಿಸುತ್ತಾರೆ.

ಮತ್ತೆ ಬಟ್ಟೆ. ಅಲ್ಲಿ ಏನೂ ಒಣಗುವುದಿಲ್ಲ. ಎರಡು ದಿನಕ್ಕೆ ನಾಲ್ಕು ದಿನದ ಬಟ್ಟೆ. ಕೊಡೆ ಗಾಳಿಗೆ ತಿರುವಿ ಹೋಗುತ್ತದೆ, ರೇನ್‌ಕೋಟ್ ತೆಗೆದುಕೋ. ಅವ್ವನಿಗೆ ಮೊಣಕಾಲಿಗೆ ಉಣ್ಣೆ ಪಟ್ಟಿ, ಬಿಸಿನೀರಿನ ಚೀಲ ಮರೆಯಬೇಡ. ಥಂಡಿಗೆ ನೋವು ಏಳುತ್ತದೆ.

ಬೆಟಗೇರಿ ಹುಡುಗ
ಊಟ ಏನು ಸಿಗುತ್ತದೆ?

ಗೋಕುಲ ರೋಡ್ ಗಾಡಿ
ಮಾಲವಣಿ ಊಟ ತಮ್ಮಾ. ಮೀನು, ಕೋಳಿ ಸಾರು-ವಡೆ, ಕೊಕಮ್ಮಿನ ಸೋಲ್‌ಕಡಿ. ತಿನ್ನದವರಿಗೆ ರಾಗಿ ಭಾಕ್ರಿ, ಬೇಳೆ, ಕೆಂಪು ಕುಸುಬಲಕ್ಕಿ ಅನ್ನ. ರಾಗಿಗೆ ಅವರು ನಾಚಣಿ ಅಂತಾರೆ. ಮಳೆಗಾಲದಲ್ಲಿ ಕಾಡು ಸೊಪ್ಪಿನ ಪಲ್ಯ ಮಾಡುತ್ತಾರೆ, ಕೇಳಿ ಮಾಡಿಸಿಕೊಳ್ಳಿ.

ಬ್ಯಾಡಗಿ ಖಾರ
ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದರೆ ಮೂರು ದಿನ ಚಿಂತೆ ಇಲ್ಲ.

ನವನಗರದ ಅಮ್ಮ
ಆ ಹಸಿ ಗಾಳಿಗೆ ಕಡಕ್ ರೊಟ್ಟಿ ಒಂದು ತಾಸಿನಲ್ಲಿ ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಕಟ್ಟಬೇಡ, ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿಯಲ್ಲಿ ಹಾಕು. ತೆಗೆದಷ್ಟೇ ತಿನ್ನು.

ರಾಣೇಬೆನ್ನೂರು ರೈಡರ್
ಬರುವಾಗ ಬೆಳಗಾವಿ ಕುಂದಾ ಮರೆಯಬೇಡಿ. ಪೇಢೆಗಿಂತ ಅದೇ ಮೇಲು.

ಸಪ್ತಾಪುರದ ಮೇಷ್ಟ್ರು
ಇದನ್ನು ನಾನು ಒಪ್ಪುವುದಿಲ್ಲ. ಕುಂದಾ ಒಂದು ಚಮಚ ಚೆಂದ, ಎರಡನೇ ಚಮಚಕ್ಕೆ ಸಾಕಾಗುತ್ತದೆ. ಧಾರವಾಡ ಪೇಢೆ ಎಂಟು ದಿನ ಇಟ್ಟರೂ ರುಚಿ ಕೆಡುವುದಿಲ್ಲ.

ಟಿಳಕವಾಡಿಯಿಂದ
ಎರಡನೇ ಚಮಚಕ್ಕೆ ಸಾಕಾಗಿದ್ದರೆ ಸರ್, ನಿಮಗೆ ಒಳ್ಳೆಯ ಕುಂದಾ ಸಿಕ್ಕಿಲ್ಲ. ಒಮ್ಮೆ ನಮ್ಮ ಮನೆಗೆ ಬನ್ನಿ.

ಮುಂಡರಗಿ ರಸ್ತೆ
ಅಕ್ಕಾ, ಗುರುವಾರ ರಾತ್ರಿಯೇ ಹೊರಟುಬಿಡಿ. ಶುಕ್ರವಾರ ಬೆಳಿಗ್ಗೆ ಅಲ್ಲಿ ಎದ್ದರೆ ಪೂರ್ತಿ ಒಂದು ದಿನ ಉಳಿಯುತ್ತದೆ.

ಸಪ್ತಾಪುರದ ಮೇಷ್ಟ್ರು
ಮಕ್ಕಳು ಧ್ವಜಾರೋಹಣಕ್ಕೆ ಹೋಗುವುದು ಬೇಡವೇ? ನಾನು 32 ವರ್ಷ ಶಾಲೆಯಲ್ಲಿ ಇದ್ದೆ. ಮೊದಲು ಮೈದಾನ ತುಂಬುತ್ತಿತ್ತು. ಈಗ 15 ಶುಕ್ರವಾರವೋ ಸೋಮವಾರವೋ ಬಂತೆಂದರೆ ಅರ್ಧ ಮಕ್ಕಳಿರುವುದಿಲ್ಲ. ಗರಗದಲ್ಲಿ ಧ್ವಜದ ಖಾದಿ ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ಹೊಲಿಯುತ್ತಾರೆ. ದೇಶಕ್ಕೆ ಧ್ವಜ ಕೊಡುವ ಊರಿನ ಮಕ್ಕಳು ಧ್ವಜ ಏರಿಸುವ ಹೊತ್ತಿಗೆ ಊರಲ್ಲಿ ಇರಬೇಕು. ಒಂದು ತಾಸಿನ ಕೆಲಸ.

ಮುಂಡರಗಿ ರಸ್ತೆ
ಮಕ್ಕಳು ಅಪ್ಪ-ಅವ್ವನ ಜೊತೆ ಇರುವ ಮೂರು ದಿನವೂ ಮುಖ್ಯ ಸರ್. ವರ್ಷವಿಡೀ ಶಾಲೆ, ಟ್ಯೂಷನ್. ಧ್ವಜಕ್ಕೆ ಅಂಬೋಲಿಯಲ್ಲೂ ವಂದಿಸಬಹುದು. ಅಲ್ಲಿಯೂ ಶಾಲೆ ಇದೆ.

ಉಣಕಲ್ಲಿನವಳು
ಜಗಳ ಬೇಡ. ದೊಡ್ಡವಳು ಲೇಜಿಮ್ ತಂಡದಲ್ಲಿದ್ದಾಳೆ, ಬಿಟ್ಟು ಬರುವುದಿಲ್ಲ ಅಂತ ಅವಳೇ ಹೇಳಿದ್ದಾಳೆ. ಹತ್ತಕ್ಕೆ ಶಾಲೆಯ ಗೇಟಿನಿಂದಲೇ ಹೊರಡುತ್ತೇವೆ.

ಇನ್ನೊಂದು ಕೇಳಬೇಕು. ಸಂಕೇಶ್ವರದ ಮೇಲಿನಿಂದ ಅಂಬೋಲಿಗೆ ದಾರಿ ಇದೆಯೇ? ಅವ್ವನಿಗೆ ಹೊಳೆ ನೋಡಿಕೊಂಡು ಹೋಗುವ ಆಸೆ.

ಗೋಕುಲ ರೋಡ್ ಗಾಡಿ
ಇದೆ. ಹೆದ್ದಾರಿಯಲ್ಲಿ ನೇರ ಸಂಕೇಶ್ವರ, ಅಲ್ಲಿ ಎಡಕ್ಕೆ ಗಡಹಿಂಗ್ಲಜ, ಆಜರಾ, ಅಂಬೋಲಿ. ಬೆಳಗಾವಿ ದಾರಿಗಿಂತ ಸುಮಾರು 50-60 ಕಿ.ಮೀ. ಜಾಸ್ತಿ ಆಗುತ್ತದೆ, ಆದರೆ ಬೆಳಗಾವಿ ಊರೊಳಗಿನ ಗದ್ದಲ ತಪ್ಪುತ್ತದೆ. ಹೊಳೆ ಆ ಕಡೆಯಿಂದಲೇ ಬರುತ್ತದೆ, ಅದರ ಎದುರು ದಿಕ್ಕಿಗೆ ನೀವು ಹೋಗುತ್ತೀರಿ. ಆಜರಾದಲ್ಲಿ ಘನಸಾಳ ಅಕ್ಕಿ ತೆಗೆದುಕೊಳ್ಳಿ. ಸಣ್ಣ ಕಾಳು, ಬೇಯುವಾಗ ಬೀದಿಗೆಲ್ಲ ವಾಸನೆ.

ಕತ್ತಲಾಗುವ ಮೊದಲು ಅಂಬೋಲಿ ಮುಟ್ಟಿ. ರಾತ್ರಿ ಓಡಿಸಬೇಡಿ.

ಸಪ್ತಾಪುರದ ಮೇಷ್ಟ್ರು
ರಾತ್ರಿ ಓಡಿಸಬೇಡಿ ಅನ್ನುವುದಕ್ಕೆ ನನ್ನದೂ ಒಂದು ಕಾರಣ ಸೇರಿಸುತ್ತೇನೆ. ಮಳೆಯ ರಾತ್ರಿ ಕಪ್ಪೆಗಳು ರಸ್ತೆಗೆ ಬರುತ್ತವೆ. ಹುಲಿಯ ಹಾಗೆ ಪಟ್ಟೆ ಇರುವ ಒಂದು ಸಣ್ಣ ನೆಲಗಪ್ಪೆಗೆ ಅಂಬೋಲಿಯ ಹೆಸರೇ ಇದೆ. 2009ರಲ್ಲಿ ಅದನ್ನು ಹೊಸ ಜಾತಿ ಅಂತ ಗುರುತಿಸಿದರು. ಜಗತ್ತಿನಲ್ಲಿ ಅಳಿವಿನ ಅಂಚಿಗೆ ಬಂದಿರುವ ಕಪ್ಪೆಗಳಲ್ಲಿ ಅದೂ ಒಂದು. ಅದರ ನೆಲೆ ಅಂಬೋಲಿ ಆಸುಪಾಸಿನ ಜಂಬಿಟ್ಟಿಗೆ ಕಲ್ಲಿನ ಬಯಲು. ನಮ್ಮ ಟೈರಿಗೆ ಅದು ಕಾಣುವುದಿಲ್ಲ.

ಉಣಕಲ್ಲಿನವಳು
ಸೋಮವಾರ, 18ನೇ ತಾರೀಕು. ನಿನ್ನೆ ಮಧ್ಯಾಹ್ನ ಮನೆ ಮುಟ್ಟಿದೆವು. ಹೇಳಿದವರಿಗೆಲ್ಲ ಹೇಳಬೇಕು ಅನ್ನಿಸಿತು.

ಶುಕ್ರವಾರ ಹತ್ತೂವರೆಗೆ ಹೊರಟೆವು. ಮಗಳು ಲೇಜಿಮ್ ಬಟ್ಟೆಯಲ್ಲೇ ಕಾರು ಹತ್ತಿದಳು. ಸಂಕೇಶ್ವರದಲ್ಲಿ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅವ್ವ ಕಾರಿನಿಂದ ಇಳಿದು ಐದು ನಿಮಿಷ ನೋಡಿದಳು, ಏನೂ ಮಾತಾಡಲಿಲ್ಲ. ಸಂಜೆ ಐದೂವರೆಗೆ ಚೌಕುಳ. ಮನೆಯಾಕೆ ಹಂಡೆಯಲ್ಲಿ ನೀರು ಕಾಯಿಸಿ ಇಟ್ಟಿದ್ದರು. ಮಳೆ ಹೆಂಚಿನ ಮೇಲೆ ಬೀಳುವ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಏಳು ವರ್ಷದವನು ಕಪ್ಪೆ ಸದ್ದು ಎಣಿಸುತ್ತಾ ಮಲಗಿದ.

ಶನಿವಾರ ಆರೂವರೆಗೆ ಜಲಪಾತ. ನಾವು, ಇನ್ನೊಂದು ಕುಟುಂಬ, ಒಂದು ಚಹಾ ಅಂಗಡಿ. ಟಿಳಕವಾಡಿ ಅಣ್ಣಾ, ಮಕ್ಕಳಿಗೆ ಚಪ್ಪಲಿ ಬಿಡಿಸಲಿಲ್ಲ. ನಿಮ್ಮ ಮಗಳ ನೆನಪಾಯಿತು. ಕಾವಳೆಸಾದದಲ್ಲಿ ಮಂಜು ತೆಗೆಯಲೇ ಇಲ್ಲ, ಅರ್ಧ ತಾಸು ಕಾದು ಬಂದೆವು. ಬೇಸರ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ, ಮಕ್ಕಳಿಗೆ ಆಯಿತು. ಮಧ್ಯಾಹ್ನ ಪೇಟೆಯಲ್ಲಿ ಗಾಡಿಗಳ ಸಾಲು ಶುರುವಾಗಿತ್ತು. ನಾವು ಮನೆಯಲ್ಲೇ ಉಳಿದೆವು. ಮೂರು ತಾಸು ಕಟ್ಟೆಯ ಮೇಲೆ ಕೂತು ಮಳೆ ನೋಡಿದೆವು. ಅವ್ವನೂ ಮನೆಯಾಕೆಯೂ ಭಾಕ್ರಿ ತಟ್ಟುತ್ತಾ ಕೂತಿದ್ದರು. ಇವಳಿಗೆ ಅವರ ಮಾತು ಬಾರದು, ಅವರಿಗೆ ಇವಳ ಮಾತು ಬಾರದು. ಆದರೂ ಇಬ್ಬರ ಮಾತೂ ನಿಲ್ಲಲಿಲ್ಲ.

ಭಾನುವಾರ ಏಳಕ್ಕೆ ಹಿರಣ್ಯಕೇಶಿ. ಗಾಡಿ ನಿಲ್ಲಿಸಿ ಸ್ವಲ್ಪ ನಡೆಯಬೇಕು. ನಾನೂ ಮನೆಯವರೂ ಎರಡೂ ಕಡೆ ಹಿಡಿದುಕೊಂಡೆವು. ಗುಹೆಯ ಹತ್ತಿರ ಅವ್ವ ನಿಂತು "ಇಷ್ಟ ಸಣ್ಣದೈತಲ್ಲ" ಅಂದಳು. ನಮ್ಮೂರಲ್ಲಿ ದಡ ಕಾಣದಷ್ಟು ಅಗಲ ಇತ್ತು, ಇಲ್ಲಿ ನೋಡಿದರೆ ಒಂದು ಹೆಜ್ಜೆ ದಾಟಬಹುದು ಅಂತ. ಬಗ್ಗಲು ಆಗುವುದಿಲ್ಲ ಅಲ್ವಾ, ಮಗಳು ಬೊಗಸೆಯಲ್ಲಿ ನೀರು ತಂದು ಅವಳ ಕೈಗೆ ಹಾಕಿದಳು. ಅವ್ವ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಅಜ್ಜನ ಹೆಸರು, ಅಪ್ಪನ ಹೆಸರು ಹೇಳಿದಳು. ಸೋಪು ಹಚ್ಚಿ ಮೀಯಲು ಬಂದಿದ್ದ ಇಬ್ಬರಿಗೆ ನನ್ನ ಮಗಳು ಮೀನಿನ ಕಥೆ ಹೇಳಿದಳು. ಒಬ್ಬರು ಸೋಪು ಚೀಲಕ್ಕೆ ಹಾಕಿದರು. ಇನ್ನೊಬ್ಬರು ಹಾಕಲಿಲ್ಲ.

ಒಂಬತ್ತಕ್ಕೆ ಬೆಳಗಾವಿ ದಾರಿ ಹಿಡಿದೆವು. ಎದುರಿಗೆ ಬರುತ್ತಿದ್ದ ಗಾಡಿಗಳಿಗೆ ಕೊನೆಯೇ ಇರಲಿಲ್ಲ.

ಸಪ್ತಾಪುರದ ಮೇಷ್ಟ್ರು
ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಡಬ್ಬಿ ಪೇಢೆ. ಧಾರವಾಡಕ್ಕೆ ಬಂದಾಗ ಬರಲೇಬೇಕು.

ಟಿಳಕವಾಡಿಯಿಂದ
ಓದಿ ಮಗಳಿಗೂ ತೋರಿಸಿದೆ. "ಬೆಳಿಗ್ಗೆ ಆರೂವರೆಗೆ ಆದರೆ ನಾನೂ ಬರುತ್ತೇನೆ" ಅಂದಳು.

ನವನಗರದ ಅಮ್ಮ
ರೊಟ್ಟಿ ಹೇಗಿತ್ತು? ಅವ್ವನ ಕಾಲು ಹೇಗಿದೆ?

ಉಣಕಲ್ಲಿನವಳು
ರೊಟ್ಟಿ ಡಬ್ಬಿಯಲ್ಲಿ ಗಟ್ಟಿಯಾಗೇ ಇತ್ತು ಅಮ್ಮಾ. ಕಾಲು ಇವತ್ತು ಸ್ವಲ್ಪ ಬಾತಿದೆ, ಬಿಸಿನೀರಿನ ಚೀಲ ಇಟ್ಟಿದ್ದೇನೆ. ಅವಳು ಒಂದೇ ಕೇಳುತ್ತಿದ್ದಾಳೆ, ಮಳೆ ನಿಂತ ಮೇಲೆ ಅಲ್ಲಿ ನೀರು ತಿಳಿ ಆಗಿರುತ್ತದೆಯೇ, ಮೀನು ಕಾಣುತ್ತದೆಯೇ ಅಂತ. ಗಾಡಿ ಅಣ್ಣಾ, ದೀಪಾವಳಿ ಆದ ಮೇಲೆ ಹೇಗಿರುತ್ತದೆ?

ಗೋಕುಲ ರೋಡ್ ಗಾಡಿ
ಆಗ ಆಕಾಶ ತಿಳಿ, ನೀರೂ ತಿಳಿ. ಕಾವಳೆಸಾದದ ಕಣಿವೆಯೂ ಕಾಣುತ್ತದೆ, ಮಕ್ಕಳ ಬೇಸರ ಕಳೆಯುತ್ತದೆ. ಆದರೆ ಈ ಸಲ ಶನಿವಾರ ಬೇಡ ಅಕ್ಕಾರೆ, ಸೋಮವಾರ ಹೊರಡಿ.